ಕೃತಕವಾದ ಬಿಸಿಲೂ ಸ್ತ್ರೀಯರ ಚರ್ಮಾರ್ಬುದವೂ

೧

ಮನುಷ್ಯರು ಬಿಸಿಲನ್ನು ಬೇಕೆಂದು ಅರಸಿದ ಕಾಲವೂ ಉಂಟು, ಬೇಡವೆಂದು ನೆರಳನ್ನು ಮರೆಹೊಕ್ಕ ಕಾಲವೂ ಉಂಟು. ಆದರೆ ಬಿಸಿಲನ್ನು ಯಂತ್ರದಿಂದ ಉಂಟುಮಾಡಿ, ಮುಚ್ಚಿದ ಕೊಠಡಿಯಲ್ಲಿ ಹಣಕ್ಕೆ ಮಾರಿ, ಅದರಿಂದ ಮೈಯನ್ನು ಕಂದಿಸಿಕೊಳ್ಳುವ ಪದ್ಧತಿಯು ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ದೇಶಗಳಲ್ಲಿ ಹುಟ್ಟಿ ಬೆಳೆದದ್ದು. ಈ ಪದ್ಧತಿಯನ್ನು ಹೆಚ್ಚಾಗಿ ಅವಲಂಬಿಸಿದವರು ತರುಣಿಯರು. ಅದರ ಫಲವಾಗಿ ಚರ್ಮದ ಅರ್ಬುದಕ್ಕೆ, ಎಂದರೆ ಕ್ಯಾನ್ಸರಿಗೆ, ಹೆಚ್ಚಾಗಿ ಈಡಾದವರೂ ಸ್ತ್ರೀಯರೇ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೨೦೦೯ರಲ್ಲಿ ಈ ಯಂತ್ರಗಳನ್ನು, ಮನುಷ್ಯರಲ್ಲಿ ಅರ್ಬುದವನ್ನು ನಿಶ್ಚಯವಾಗಿ ಉಂಟುಮಾಡತಕ್ಕವುಗಳ ಪ್ರಥಮ ವರ್ಗಕ್ಕೆ ಸೇರಿಸಿತು. ತಂಬಾಕಿನ ಹೊಗೆಯೂ ಕಲ್ನಾರೂ ಇರುವ ವರ್ಗವದು.

ಈ ನಿರ್ಣಯವನ್ನು ನೋಡಿದವರಿಗೆ, ಹೊಸ ಯಂತ್ರವೊಂದು ಬಂದಿತು, ಅದರ ದೋಷವು ತಡವಾಗಿ ತಿಳಿದುಬಂದಿತು ಎಂಬ ಸಾಮಾನ್ಯವಾದ ಕಥೆಯೇ ಇಲ್ಲಿಯೂ ನಡೆದಿರಬೇಕೆಂದು ತೋರುವುದು ಸಹಜವಾಗಿದೆ. ಆದರೆ ಕಾಲಕ್ರಮವನ್ನು ಹಿಡಿದು ಪರ್ಯಾಲೋಚಿಸಿದರೆ ಸಂಗತಿಯು ಬೇರೆಯಾಗಿ ಕಾಣುತ್ತದೆ. ಈ ದೀಪವು ಮೊದಲು ವೈದ್ಯರ ಕೈಯಲ್ಲಿ ಹುಟ್ಟಿದ ಔಷಧ. ಅದರ ಕಿರಣಗಳಿಂದ ಅರ್ಬುದವುಂಟಾಗಬಲ್ಲುದೆಂಬುದು, ಕಂದುಮೈಯ ವ್ಯಾಪಾರವು ಆರಂಭವಾಗುವುದಕ್ಕೆ ಸುಮಾರು ಅರ್ಧ ಶತಮಾನ ಮುಂಚೆಯೇ ಪ್ರಯೋಗದಿಂದ ಸಿದ್ಧವಾಗಿದ್ದಿತು. ಔಷಧವು ಅಲಂಕಾರಸಾಧನವಾಗಿ ಮಾರ್ಪಟ್ಟಾಗ ಔಷಧದ ಕೀರ್ತಿಯು ಅದನ್ನು ಹಿಂಬಾಲಿಸಿ ಬಂದಿತು. ಔಷಧದ ಮಿತಿಯು ಬರಲಿಲ್ಲ. ಈ ಮಾತಿನ ಯಾಥಾರ್ಥ್ಯವು ಮುಂದಿನ ಸಂಗತಿಗಳಿಂದ ವಿಶದವಾಗುತ್ತದೆ.

೨

ಮೊದಲು ಮೈಬಣ್ಣಕ್ಕೆ ಸಮಾಜವು ಕೊಟ್ಟ ಅರ್ಥವನ್ನು ನೋಡಬೇಕು. ಬಿಸಿಲು ಕಾಣದೆ ಬಾಳುವುದು ಬಹುಕಾಲ, ಹಲವು ದೇಶಗಳಲ್ಲಿ, ಐಶ್ವರ್ಯದ ಗುರುತಾಗಿದ್ದಿತು. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ (೩-೨-೩೬) ಒಂದೇ ಸೂತ್ರದಿಂದ ಎರಡು ಶಬ್ದಗಳು ಸಿದ್ಧಿಸುತ್ತವೆ: ಸೂರ್ಯನನ್ನು ಕಾಣದವಳು ಎಂಬರ್ಥದ 'ಅಸೂರ್ಯಂಪಶ್ಯಾ' ಎಂಬುದೊಂದು, ಹಣೆಯನ್ನು ಸುಡುವವನು ಎಂಬರ್ಥದ 'ಲಲಾಟಂತಪ' ಎಂಬುದು ಮತ್ತೊಂದು. ಮೊದಲನೆಯದಕ್ಕೆ ವ್ಯಾಖ್ಯಾತೃಗಳು ಕೊಡುವ ಉದಾಹರಣೆ ರಾಜಪತ್ನಿಯರು, ಎರಡನೆಯದಕ್ಕೆ ಸೂರ್ಯನು. ಅಂತಃಪುರದ ನೆರಳೂ ಬಯಲಿನ ಬೇಗೆಯೂ ಒಂದೇ ಸೂತ್ರದಲ್ಲಿ ಸೇರಿರುವುದು ವ್ಯಾಕರಣದ ಆಕಸ್ಮಿಕವೇ ಸರಿ. ಆದರೂ ಆ ಉದಾಹರಣೆಗಳು ಸೂಚಿಸುವ ಸಮಾಜಸ್ಥಿತಿಯು ಭರತಖಂಡಕ್ಕೆ ಮಾತ್ರ ಸೇರಿದ್ದಲ್ಲ.

ಯೂರೋಪಿನಲ್ಲಿಯೂ ಹೊಲದಲ್ಲಿ ದುಡಿಯುವವರ ಮುಖ ಕಂದಿದ್ದಿತು, ಒಡೆಯರ ಮನೆಯವರ ಮುಖ ಬೆಳ್ಳಗಿದ್ದಿತು. ಹದಿನಾರನೆಯ ಶತಮಾನದಿಂದ ಹದಿನೆಂಟನೆಯ ಶತಮಾನದವರೆಗೆ ಅಲ್ಲಿನ ಸಿರಿವಂತ ಸ್ತ್ರೀಯರು ಸೀಸದಿಂದ ತಯಾರಾದ ಬಿಳಿಯ ಲೇಪವನ್ನು ಮುಖಕ್ಕೆ ಹಚ್ಚಿಕೊಳ್ಳುತ್ತಿದ್ದರು. ಸೀಸವು ವಿಷ. ರೂಪಕ್ಕೆ ಹೆಸರಾಗಿದ್ದ ಕವೆಂಟ್ರಿಯ ಕೌಂಟೆಸ್ ಮರಿಯಾ ಗನ್ನಿಂಗ್ ೧೭೬೦ರಲ್ಲಿ ತಾರುಣ್ಯದಲ್ಲಿಯೇ ತೀರಿಕೊಂಡದ್ದು ಈ ಲೇಪದ ದೆಸೆಯಿಂದಲೇ ಎಂದು ಪರಂಪರೆಯಾಗಿ ಹೇಳಿಕೊಂಡು ಬಂದಿದೆ. ಬೆಳ್ಳಗಾಗುವುದಕ್ಕೋಸ್ಕರ ವಿಷವನ್ನು ಲೇಪಿಸಿಕೊಂಡ ಸಮಾಜವೇ ಮುಂದೆ ಕಂದುವುದಕ್ಕೋಸ್ಕರ ಮತ್ತೊಂದು ಅಪಾಯಕ್ಕೆ ಮೈಯೊಡ್ಡಿತು. ಬಯಕೆಯ ಬಣ್ಣ ತಿರುಗಿತೇ ಹೊರತು ಬಯಕೆಯ ಬೆಲೆಯನ್ನು ತೆತ್ತವರು ಬದಲಾಗಲಿಲ್ಲ.

ಈ ವಿಪರ್ಯಯಕ್ಕೆ ಕಾರಣವು ಹತ್ತೊಂಬತ್ತನೆಯ ಶತಮಾನದ ಕೈಗಾರಿಕೆಯಲ್ಲಿದೆ. ದುಡಿಯುವ ಜನರು ಹೊಲವನ್ನು ಬಿಟ್ಟು ಗಿರಣಿಗೂ ಗಣಿಗೂ ಹೊಗೆ ಮುಸುಕಿದ ಓಣಿಗಳಿಗೂ ಸೇರಿದರು. ಬಿಳಿಚಿದ ಮುಖವು ಬಡತನದ ಗುರುತಾಯಿತು. ಕಡಲತೀರಕ್ಕೂ ಬೆಟ್ಟಗಳಿಗೂ ಹೋಗಿ ತಿಂಗಳುಗಟ್ಟಲೆ ಕಾಲ ಕಳೆಯಬಲ್ಲವರು ಮಾತ್ರ ಕಂದಿದ ಮೈಯನ್ನು ಪಡೆಯಬಲ್ಲವರಾದರು. ಅಂತು ದುಡಿಮೆಯ ಬಣ್ಣವು ವಿರಾಮದ ಬಣ್ಣವಾಗುವುದಕ್ಕೆ ಭೂಮಿಕೆ ಸಿದ್ಧವಾಯಿತು. ಅದಕ್ಕೆ ಆರೋಗ್ಯದ ಮುದ್ರೆಯನ್ನೊತ್ತಿದ್ದು ವೈದ್ಯಶಾಸ್ತ್ರ.

೩

ನೇರಳೆ ಬಣ್ಣದಿಂದಾಚೆಗೆ ಕಣ್ಣಿಗೆ ಕಾಣದ ಕಿರಣಗಳುಂಟೆಂಬುದನ್ನು ಜರ್ಮನಿಯ ಯೋಹಾನ್ ವಿಲ್ಹೆಲ್ಮ್ ರಿಟ್ಟರನು ೧೮೦೧ರಲ್ಲಿ ಕಂಡುಹಿಡಿದನು. ಬೆಳ್ಳಿಯ ಲವಣವು ಆ ಕತ್ತಲ ಭಾಗದಲ್ಲಿಯೇ ಬೇಗನೆ ಕಪ್ಪಾಗುವುದನ್ನು ಅವನು ನೋಡಿದನು. ಇವೇ ನೇರಳಾತೀತ ಕಿರಣಗಳು. ಸೂರ್ಯನ ಬೆಳಕು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆಂಬುದನ್ನು ೧೮೭೭ರಲ್ಲಿ ಇಂಗ್ಲೆಂಡಿನ ಡೌನ್ಸ್ ಮತ್ತು ಬ್ಲಂಟ್ ಎಂಬವರು ತೋರಿಸಿಕೊಟ್ಟರು. ಈ ಎರಡನ್ನೂ ಚಿಕಿತ್ಸೆಗೆ ಬಳಸಿದ ಕೀರ್ತಿ ನೀಲ್ಸ್ ರೈಬರ್ಗ್ ಫಿನ್ಸೆನ್ನನಿಗೆ ಸಲ್ಲುತ್ತದೆ.

ಫಿನ್ಸೆನ್ನನು ೧೮೬೦ರಲ್ಲಿ ಫ್ಯಾರೋ ದ್ವೀಪಗಳಲ್ಲಿ ಹುಟ್ಟಿ ಕೋಪನ್‌ಹೇಗನ್ನಿನಲ್ಲಿ ವೈದ್ಯನಾದವನು. ಮುಖವನ್ನು ಕ್ರಮವಾಗಿ ತಿಂದುಹಾಕುವ ಲೂಪಸ್ ವಲ್ಗಾರಿಸ್ ಎಂಬ ಚರ್ಮದ ಕ್ಷಯಕ್ಕೆ ಅವನು ೧೮೯೫ರಿಂದ ಇಂಗಾಲದ ಚಾಪದೀಪದ ಬೆಳಕನ್ನು ಪ್ರಯೋಗಿಸಿದನು. ಮರುವರ್ಷವೇ ಅವನ ಹೆಸರಿನ ಬೆಳಕಿನ ಚಿಕಿತ್ಸಾಲಯವು ಸ್ಥಾಪಿತವಾಯಿತು. ೧೯೦೩ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂದಿತು. ೧೯೦೪ರಲ್ಲಿ, ನಲವತ್ತಮೂರನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು. ಡೆನ್ಮಾರ್ಕಿನ ರಾಜಪುತ್ರಿಯೂ ಆಗ ವೇಲ್ಸಿನ ರಾಜಕುಮಾರಿಯೂ ಆಗಿದ್ದ ಅಲೆಕ್ಸಾಂಡ್ರಳು ೧೯೦೦ರಲ್ಲಿ ಈ ದೀಪವೊಂದನ್ನು ಲಂಡನ್ ಆಸ್ಪತ್ರೆಗೆ ದಾನಮಾಡಿದಳು.

ಫಿನ್ಸೆನ್ನನ ವಿಧಾನವು ಇಲ್ಲಿ ಗಮನಾರ್ಹವಾಗಿದೆ. ಅವನು ಬೆಳಕನ್ನು ಸ್ಫಟಿಕದ ಮಸೂರಗಳಿಂದ ಒಂದೆಡೆಗೆ ಕೂಡಿಸಿ, ನೀರಿನ ಮೂಲಕ ಹಾಯಿಸಿ ಕಾವನ್ನು ತೆಗೆದು, ರೋಗವಿರುವ ಸಣ್ಣ ಜಾಗದ ಮೇಲೆ ಮಾತ್ರ ಬೀಳಿಸುತ್ತಿದ್ದನು. ಪ್ರತಿಯೊಬ್ಬ ರೋಗಿಯ ಪಕ್ಕದಲ್ಲಿಯೂ ದಾದಿಯೊಬ್ಬಳು ಕುಳಿತು ಆ ಜಾಗವನ್ನು ಒತ್ತಿ ಹಿಡಿಯುತ್ತಿದ್ದಳು. ಮೈಯ ಉಳಿದ ಭಾಗಕ್ಕೆ ಆ ಕಿರಣವು ಸೋಕುತ್ತಿರಲಿಲ್ಲ. ಸ್ವಿಟ್ಜರ್ಲೆಂಡಿನ ಲೇಸ್ಯಾಂ ಎಂಬಲ್ಲಿ ಆಗಸ್ಟ್ ರೋಲಿಯೇ ೧೯೦೩ರಲ್ಲಿ ತೆರೆದ ಆರೋಗ್ಯಧಾಮದಲ್ಲಿಯೂ ಇದೇ ಎಚ್ಚರವಿದ್ದಿತು. ಎಲುಬಿನ ಕ್ಷಯದಿಂದ ನರಳುವವರಿಗೆ ಅಲ್ಲಿ ಬೆಟ್ಟದ ಬಿಸಿಲೇ ಔಷಧ. ಆದರೆ ಮೊದಲ ದಿನ ಪಾದಗಳಿಗೆ ಮಾತ್ರ ಕೆಲವೇ ನಿಮಿಷ ಬಿಸಿಲು. ತರುವಾಯ ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ಮೇಲಕ್ಕೆ.

ಮೂರನೆಯ ಘಟ್ಟವು ಬರ್ಲಿನ್ನಿನದು. ಮೊದಲನೆಯ ಮಹಾಯುದ್ಧವು ಮುಗಿದ ಚಳಿಗಾಲದಲ್ಲಿ, ಎಳೆಯ ಮಕ್ಕಳ ಎಲುಬು ಮೆತ್ತಗಾಗಿ ಬಾಗುವ ರಿಕೆಟ್ಸ್ ರೋಗವು ಪಾದರಸದ ಆವಿಯ ದೀಪದಿಂದ ಗುಣವಾಗುವುದನ್ನು ಕುರ್ಟ್ ಹುಲ್ಡ್‌ಶಿನ್‌ಸ್ಕಿ ೧೯೧೯ರಲ್ಲಿ ಪ್ರಕಟಿಸಿದನು. ವಿಯೆನ್ನಾದಲ್ಲಿ ಹ್ಯಾರಿಯೆಟ್ ಚಿಕ್ ಮತ್ತು ಅವಳ ಸಂಗಡಿಗರ ಪರಿಶೋಧನೆಗಳು ಇದನ್ನು ಬಲಪಡಿಸಿದವು. ಚರ್ಮದ ಮೇಲೆ ಈ ಕಿರಣ ಬಿದ್ದಾಗ 'ಡಿ' ಜೀವಸತ್ವವು ಹುಟ್ಟುತ್ತದೆಂಬುದು ಕ್ರಮೇಣ ತಿಳಿದುಬಂದಿತು. ೧೯೨೮ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ಈ ಜಾತಿಯ ಪದಾರ್ಥಗಳನ್ನು ಶೋಧಿಸಿದ ಅಡಾಲ್ಫ್ ವಿಂಡೌಸನಿಗೆ ದೊರೆಯಿತು. ಇಷ್ಟು ದೊಡ್ಡ ಹೆಸರುಗಳ ಆಶ್ರಯದಲ್ಲಿ, ಕಿರಣವೆಂದರೆ ಆರೋಗ್ಯ, ಕಂದಿದ ಮೈಯೆಂದರೆ ಆ ಆರೋಗ್ಯದ ಸಾಕ್ಷಿ ಎಂಬ ಭಾವನೆಯು ಜನರಲ್ಲಿ ಬೇರೂರಿದ್ದು ಆಶ್ಚರ್ಯವಲ್ಲ.

೪

ಅಲಂಕಾರಲೋಕವು ಈ ಭಾವನೆಯನ್ನು ಕೈಗೆತ್ತಿಕೊಂಡದ್ದು ೧೯೨೦ರ ದಶಕದಲ್ಲಿ. ಪ್ಯಾರಿಸಿನ ಉಡುಪುಗಾತಿ ಕೊಕೊ ಶನೆಲ್ ೧೯೨೩ರಲ್ಲಿ ಸಮುದ್ರಯಾನದಿಂದ ಕಂದಿದ ಮೈಯೊಡನೆ ಮರಳಿದಳೆಂದೂ ಅಂದಿನಿಂದ ಆ ಬಣ್ಣವೇ ನಾಗರಿಕರ ಬಣ್ಣವಾಯಿತೆಂದೂ ಜನಶ್ರುತಿಯುಂಟು. ಒಬ್ಬಳ ಮೈಬಣ್ಣದಿಂದ ಒಂದು ಖಂಡದ ರುಚಿ ತಿರುಗಿತೆಂಬುದನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಕಾಲವು ಸರಿಯಾಗಿಯೇ ಹೊಂದುತ್ತದೆ. ಜಾನ್ ಪಾತೂ ಎಂಬ ವಸ್ತ್ರವಿನ್ಯಾಸಕನು ಬಿಸಿಲುಸ್ನಾನಕ್ಕೆಂದು ತೈಲವನ್ನು ಮಾರಾಟಕ್ಕೆ ತಂದದ್ದು ೧೯೨೭ರಲ್ಲಿ. ಫ್ರಾನ್ಸಿನ ಕಾರ್ಮಿಕರಿಗೆ ವರ್ಷಕ್ಕೆರಡು ವಾರ ಸಂಬಳಸಹಿತವಾದ ರಜೆ ದೊರೆತದ್ದು ೧೯೩೬ರಲ್ಲಿ. ಕಡಲತೀರವು ಸಾಮಾನ್ಯರದೂ ಆಯಿತು. ೧೯೪೬ರಲ್ಲಿ ಲೂಯಿ ರೆಯಾರ್‌ನ ಬಿಕಿನಿಯು ಬಂದ ಮೇಲೆ ಬಿಸಿಲಿಗೆ ಒಡ್ಡಬೇಕಾದ ಮೈಯ ವಿಸ್ತೀರ್ಣವೂ ಬೆಳೆಯಿತು.

ಇದೇ ಕಾಲದಲ್ಲಿ ವಿರುದ್ಧವಾದ ಸಾಕ್ಷ್ಯವೂ ಸಂಗ್ರಹವಾಗುತ್ತಿದ್ದಿತು. ಹ್ಯಾಂಬರ್ಗಿನ ಪಾಲ್ ಗೆರ್ಸೋನ್ ಉನ್ನಾ ಎಂಬ ಚರ್ಮವೈದ್ಯನು ೧೮೯೪ರಲ್ಲಿ ನಾವಿಕರ ಚರ್ಮದ ವಿಕಾರವನ್ನೂ ಅದರಲ್ಲಿ ಹುಟ್ಟುವ ಅರ್ಬುದವನ್ನೂ ವರ್ಣಿಸಿದ್ದನು. ಬೋರ್ದೋ ನಗರದ ವಿಲಿಯಂ ದುಬ್ರೈಯು ಸುತ್ತಣ ದ್ರಾಕ್ಷಿತೋಟಗಳಲ್ಲಿ ದುಡಿಯುವವರಲ್ಲಿ ಇದೇ ವ್ಯಾಧಿಯನ್ನು ಗುರುತಿಸಿದ್ದನು. ಅಮೆರಿಕದ ಜೇಮ್ಸ್ ನೆವಿನ್ಸ್ ಹೈಡ್ ೧೯೦೬ರಲ್ಲಿ ಬೆಳಕಿಗೂ ಚರ್ಮಾರ್ಬುದಕ್ಕೂ ಇರುವ ಸಂಬಂಧವನ್ನು ಕುರಿತು ಪ್ರಬಂಧವನ್ನೇ ಬರೆದನು. ಇವೆಲ್ಲ ಸೂರ್ಯನ ಬೆಳಕಿಗೆ ಸಂಬಂಧಪಟ್ಟವು. ದೀಪಕ್ಕೇ ನೇರವಾಗಿ ತಗಲುವ ಪ್ರಮಾಣವು ೧೯೨೮ರದು. ಆ ವರ್ಷ ಜಿ. ಎಮ್. ಫಿಂಡ್ಲೇ ಎಂಬ ಸಂಶೋಧಕನು, ಪಾದರಸದ ದೀಪದ ಕಿರಣಕ್ಕೆ ಮತ್ತೆಮತ್ತೆ ಒಡ್ಡಿದ ಇಲಿಗಳ ಚರ್ಮದಲ್ಲಿ ಅರ್ಬುದಗಳು ಹುಟ್ಟಿದ್ದನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದನು. ಜೀವಸತ್ವದ ನೊಬೆಲ್ ಪಾರಿತೋಷಕವೂ ಇಲಿಗಳ ಅರ್ಬುದವೂ ಒಂದೇ ವರ್ಷದ ಸಂಗತಿಗಳು. ಮೊದಲನೆಯದು ಮನೆಮಾತಾಯಿತು, ಎರಡನೆಯದು ಗ್ರಂಥಾಲಯದಲ್ಲಿ ಉಳಿಯಿತು.

ಮುಂದೆ ವೈದ್ಯರಿಗೆ ದೀಪದ ಅವಶ್ಯಕತೆ ಕಡಮೆಯಾಯಿತು. ೧೯೪೩ರಲ್ಲಿ ದೊರೆತ ಸ್ಟ್ರೆಪ್ಟೊಮೈಸಿನ್ ಮತ್ತು ಅದರ ಹಿಂದೆ ಬಂದ ಔಷಧಗಳು ಕ್ಷಯಕ್ಕೆ ಮದ್ದಾದವು. ರಿಕೆಟ್ಸಿಗೆ ಜೀವಸತ್ವವನ್ನು ಆಹಾರದಲ್ಲಿಯೇ ಕೊಡುವುದು ಸಾಧ್ಯವಾಯಿತು. ಎಚ್. ಓ. ಲ್ಯಾಂಕಾಸ್ಟರ್ ೧೯೫೬ರಲ್ಲಿ, ಯೂರೋಪಿಯ ಮೂಲದವರಲ್ಲಿ ಮೆಲನೋಮವೆಂಬ ಘೋರವಾದ ಚರ್ಮಾರ್ಬುದದ ಮರಣವು ಭೂಮಧ್ಯರೇಖೆಗೆ ಸಮೀಪಿಸಿದಷ್ಟೂ ಹೆಚ್ಚೆಂಬುದನ್ನು ಆಸ್ಟ್ರೇಲಿಯಾದಲ್ಲಿ ತೋರಿಸಿದನು. ವೈದ್ಯನು ಕೆಳಗಿಟ್ಟ ದೀಪವನ್ನು ಅಂಗಡಿಯು ಎತ್ತಿಕೊಂಡದ್ದು ಇದಾದ ಮೇಲೆಯೇ ಎಂಬುದು ನೆನಪಿನಲ್ಲಿಡತಕ್ಕದ್ದು.

೫

ಕಂದುಮೈಯ ಮಂಚವು ವ್ಯಾಪಾರಕ್ಕೆ ಬಂದದ್ದು ೧೯೭೦ರ ದಶಕದಲ್ಲಿ, ಜರ್ಮನಿಯ ಫ್ರೀಡ್ರಿಖ್ ವೋಲ್ಫನ ಪ್ರಯತ್ನದಿಂದ. ಆ ದಶಕದ ಕೊನೆಗೆ ಅದು ಅಮೆರಿಕವನ್ನು ಮುಟ್ಟಿತು. ಮೇಲೆ ಕೆಳಗೆ ದೀಪದ ಕೊಳವೆಗಳನ್ನು ಜೋಡಿಸಿದ ಗೂಡಿನೊಳಗೆ ಮಲಗಿದವರ ಮೈಗೆಲ್ಲ ಏಕಕಾಲದಲ್ಲಿ ಕಿರಣ ಬೀಳುವಂತೆ ಈ ಮಂಚದ ರಚನೆ. ಫಿನ್ಸೆನ್ನನ ಸಣ್ಣ ಜಾಗವಾಗಲಿ ರೋಲಿಯೇಯ ಪಾದಗಳ ಕ್ರಮವಾಗಲಿ ಇಲ್ಲಿ ಉಳಿದಿರಲಿಲ್ಲ.

ವ್ಯಾಪಾರಿಗಳ ಮುಖ್ಯವಾದ ವಾದವು ಕಿರಣದ ಜಾತಿಯನ್ನು ಕುರಿತದ್ದು. ನೇರಳಾತೀತ ಕಿರಣಗಳಲ್ಲಿ, ಭೂಮಿಗೆ ತಲಪುವ ಜಾತಿಗಳು ಎರಡು. ೩೧೫ರಿಂದ ೪೦೦ ನ್ಯಾನೋಮೀಟರ್‌ವರೆಗಿನ ತರಂಗಗಳನ್ನು 'ಎ' ಎಂದೂ ೨೮೦ರಿಂದ ೩೧೫ರವರೆಗಿನವನ್ನು 'ಬಿ' ಎಂದೂ ಕರೆಯುತ್ತಾರೆ. ಬಿಸಿಲಿನಲ್ಲಿ ಚರ್ಮವನ್ನು ಕೆಂಪೇರಿಸಿ ಸುಡುವುದು ಮುಖ್ಯವಾಗಿ 'ಬಿ' ಕಿರಣ. ಹೊಸ ದೀಪಗಳಲ್ಲಿ 'ಎ' ಕಿರಣವೇ ಪ್ರಧಾನ. ಆದಕಾರಣ ಸುಡುವುದಿಲ್ಲ, ಸುಡದಿದ್ದರೆ ಅಪಾಯವಿಲ್ಲ ಎಂದು ಹೇಳಲಾಯಿತು. ಈ ವಾದದ ದೋಷವು ಸ್ಪಷ್ಟವಾಗಿದೆ. ಸುಡುವ ನೋವು ದೇಹವು ಕೊಡುವ ಎಚ್ಚರಿಕೆ. ಎಚ್ಚರಿಕೆಯನ್ನು ಅಳಿಸಿದ ಮಾತ್ರಕ್ಕೆ ಗಾಯವು ಅಳಿಯುವುದಿಲ್ಲ. ನೋವಿಲ್ಲದ್ದರಿಂದ ಹೆಚ್ಚು ಹೊತ್ತು, ಹೆಚ್ಚು ಸಾರಿ ಮಲಗುವುದು ಸಾಧ್ಯವಾಯಿತು. ಬಲವಾದ ಯಂತ್ರಗಳಲ್ಲಿ 'ಎ' ಕಿರಣದ ತೀವ್ರತೆಯು ಮೆಡಿಟರೇನಿಯನ್ ತೀರದ ನಡುಹಗಲಿನ ಬಿಸಿಲಿನದಕ್ಕಿಂತ ಹತ್ತರಿಂದ ಹದಿನೈದು ಪಾಲು ಹೆಚ್ಚಾಗಿರಬಹುದೆಂದು ತಿಳಿದುಬಂದಿದೆ.

ಕಂದುವಿಕೆಯ ಒಳಮರ್ಮವನ್ನು ಈಚಿನ ಜೀವಶಾಸ್ತ್ರವು ವಿವರಿಸಿದೆ. ಕಿರಣವು ಜೀವಕೋಶದೊಳಗಣ ಡಿ. ಎನ್. ಎ. ಎಂಬ ಬೀಜತಂತುವನ್ನು ಕೆಡಿಸುತ್ತದೆ. ಆ ಕೇಡನ್ನು ಅರಿತ ಕೋಶವು ಮೆಲನಿನ್ ಎಂಬ ವರ್ಣದ್ರವ್ಯವನ್ನು ಹೆಚ್ಚಿಸಲು ಸಂಜ್ಞೆ ಕೊಡುತ್ತದೆ. ಎಂದರೆ ಕಂದು ಬಣ್ಣವು ಪೆಟ್ಟು ಬಿದ್ದ ಮೇಲೆ ಎತ್ತಿದ ಗುರಾಣಿ. ಕೆಟ್ಟ ಭಾಗವನ್ನು ಸರಿಪಡಿಸುವ ಶಕ್ತಿ ಕೋಶಕ್ಕುಂಟು. ಆ ಶಕ್ತಿಯು ಹುಟ್ಟಿನಿಂದಲೇ ಕೊರತೆಯಾಗಿರುವ ಜೆರೋಡರ್ಮ ಪಿಗ್ಮೆಂಟೋಸಮ್ ಎಂಬ ರೋಗದವರಲ್ಲಿ ಚರ್ಮಾರ್ಬುದಗಳು ಎಳೆವಯಸ್ಸಿನಲ್ಲಿಯೇ ಮೂಡುವುದರ ಕಾರಣವನ್ನು ಜೇಮ್ಸ್ ಕ್ಲೀವರ್ ೧೯೬೮ರಲ್ಲಿ ತೋರಿಸಿದನು. ಸರಿಪಡಿಸದೆ ಉಳಿದ ಕೇಡು ವರ್ಷಗಳ ಮೇಲೆ ವರ್ಷಗಳು ಕೂಡುತ್ತ ಹೋಗುತ್ತದೆ. ಆದ್ದರಿಂದಲೇ ಹದಿನೆಂಟರ ವಯಸ್ಸಿನ ಕಂದಿಗೆ ಲೆಕ್ಕವು ಮೂವತ್ತರಲ್ಲಿಯೋ ಐವತ್ತರಲ್ಲಿಯೋ ಬರುವುದು.

ವೈದ್ಯರ ಮಿತಿಗೂ ಅಂಗಡಿಯ ಅಮಿತಿಗೂ ಇರುವ ಭೇದಕ್ಕೆ ಒಂದು ನಿದರ್ಶನವನ್ನು ಇಲ್ಲಿ ಹೇಳಬಹುದು. ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ, ಸೋರಲೆನ್ ಎಂಬ ಔಷಧವನ್ನು ಕೊಟ್ಟು 'ಎ' ಕಿರಣವನ್ನು ಬೀಳಿಸುವ ಚಿಕಿತ್ಸೆಯು ೧೯೭೪ರಲ್ಲಿ ಪ್ರಕಟವಾಯಿತು. ರೋಗಿಗಳ ಹೆಸರೂ ಕಿರಣದ ಪ್ರಮಾಣವೂ ದಾಖಲೆಯಾಗಿದ್ದುದರಿಂದ, ಅವರಲ್ಲಿ ಚರ್ಮಾರ್ಬುದವು ಹೆಚ್ಚಾಗಿರುವುದನ್ನು ಸ್ಟರ್ನ್ ಮತ್ತು ಅವನ ಸಹೋದ್ಯೋಗಿಗಳು ೧೯೭೯ರಲ್ಲಿಯೇ ಗುರುತಿಸಿದರು. ಐದು ವರ್ಷಗಳಲ್ಲಿ ವೈದ್ಯಶಾಸ್ತ್ರವು ತನ್ನ ಔಷಧದ ದೋಷವನ್ನು ತಾನೇ ಕಂಡುಕೊಂಡಿತು. ಅದೇ ವರ್ಷಗಳಲ್ಲಿ ಬೆಳೆಯುತ್ತಿದ್ದ ಮಂಚದ ವ್ಯಾಪಾರಕ್ಕೆ ಅಂತಹ ದಾಖಲೆಯಿರಲಿಲ್ಲ. ಅದರ ಲೆಕ್ಕವನ್ನು ಸಮಾಜವು ತಡವಾಗಿ, ಬೇರೆ ಮಾರ್ಗದಿಂದ, ಕೂಡಬೇಕಾಯಿತು.

೬

ಆ ಲೆಕ್ಕದ ಬಹುಭಾಗವು ಸ್ತ್ರೀಯರನ್ನು ಕುರಿತ ಪರಿಶೋಧನೆಗಳಿಂದ ದೊರೆತಿದೆ. ನಾರ್ವೆಯಲ್ಲಿಯೂ ಸ್ವೀಡನ್ನಿನ ಉಪ್ಸಾಲಾ ಪ್ರಾಂತದಲ್ಲಿಯೂ ೧೯೯೧-೯೨ರಲ್ಲಿ ೧,೦೬,೩೭೯ ಮಂದಿ ಸ್ತ್ರೀಯರಿಂದ ಅವರ ಜೀವನಕ್ರಮದ ವಿವರಗಳನ್ನು ಪಡೆದು, ಸರಾಸರಿ ಎಂಟು ವರ್ಷ ಅವರ ಆರೋಗ್ಯವನ್ನು ಗಮನಿಸಲಾಯಿತು. ಆ ಅವಧಿಯಲ್ಲಿ ೧೮೭ ಮಂದಿಗೆ ಮೆಲನೋಮ ಕಂಡಿತು. ಹತ್ತರಿಂದ ಮೂವತ್ತೊಂಬತ್ತು ವರ್ಷದೊಳಗಣ ಯಾವುದಾದರೂ ಒಂದು ದಶಕದಲ್ಲಿ ತಿಂಗಳಿಗೊಮ್ಮೆಯಾದರೂ ಮಂಚವನ್ನು ಬಳಸಿದವರಲ್ಲಿ ಅಪಾಯವು ನೂರಕ್ಕೆ ೫೫ರಷ್ಟು ಹೆಚ್ಚಾಗಿದ್ದಿತು. ೨೦೦೩ರಲ್ಲಿ ಪ್ರಕಟವಾದ ಈ ಫಲಿತಾಂಶಕ್ಕೆ ಬೆಲೆ ಬಂದದ್ದು, ರೋಗ ಬಂದ ಮೇಲೆ ನೆನಪಿನಿಂದ ಹೇಳಿದ ಉತ್ತರಗಳಲ್ಲದೆ, ರೋಗಕ್ಕೆ ಮುಂಚೆಯೇ ಬರೆದುಕೊಟ್ಟ ಉತ್ತರಗಳನ್ನು ಅದು ಆಧರಿಸಿದ್ದರಿಂದ.

ಬೆಳ್ಳನೆಯ ಮೈಯವರಿಗೆ ಅರ್ಬುದವು ಸ್ವಭಾವತಃ ಹೆಚ್ಚು. ಮಂಚವನ್ನು ಬಯಸುವವರೂ ಅವರೇ. ಮೇಲಾಗಿ ಅವರು ಕಡಲತೀರದ ಬಿಸಿಲನ್ನೂ ಅರಸುವವರು. ಹೀಗಿರುವಲ್ಲಿ ದೋಷವನ್ನು ದೀಪದ ಮೇಲೆ ಹೊರಿಸುವುದು ಹೇಗೆಂಬ ಪೂರ್ವಪಕ್ಷವು ಏಳುತ್ತದೆ. ಅಮೆರಿಕದ ದಾದಿಯರ ಪರಿಶೋಧನೆಯು ಇದಕ್ಕೆ ಸಮಾಧಾನವನ್ನು ಒದಗಿಸುತ್ತದೆ. ೭೩,೪೯೪ ಮಂದಿ ದಾದಿಯರನ್ನು ೧೯೮೯ರಿಂದ ೨೦೦೯ರವರೆಗೆ ಅನುಸರಿಸಿದಾಗ, ಮಂಚದ ಬಳಕೆ ಹೆಚ್ಚಿದಂತೆ ಮೂರು ಬಗೆಯ ಚರ್ಮಾರ್ಬುದಗಳ ಅಪಾಯವೂ ಮೆಟ್ಟಿಲು ಮೆಟ್ಟಿಲಾಗಿ ಏರುವುದು ಕಂಡಿತು. ಅವುಗಳಲ್ಲಿ ಬೇಸಲ್ ಕೋಶದ ಅರ್ಬುದಕ್ಕೆ ಶಾಲಾಕಾಲೇಜುಗಳ ವಯಸ್ಸಿನ ಬಳಕೆಯೇ ಹೆಚ್ಚು ಅಪಾಯಕರವಾಗಿದ್ದಿತು. ಬಳಕೆಯ ಪ್ರಮಾಣದೊಡನೆ ರೋಗವೂ ಏರುವುದು ಕಾರ್ಯಕಾರಣಸಂಬಂಧಕ್ಕೆ ಬಲವಾದ ಲಕ್ಷಣ. ಹಲವು ಪರಿಶೋಧನೆಗಳನ್ನು ಕೂಡಿಸಿ ನೋಡಿದ ಅಂತರರಾಷ್ಟ್ರೀಯ ಸಂಸ್ಥೆಯ ಸಮಿತಿಯು, ಮೂವತ್ತೈದು ವರ್ಷಕ್ಕೆ ಮುಂಚೆ ಬಳಕೆಗೆ ತೊಡಗಿದವರಲ್ಲಿ ಮೆಲನೋಮದ ಅಪಾಯವು ನೂರಕ್ಕೆ ೭೫ರಷ್ಟು ಹೆಚ್ಚೆಂದು ೨೦೦೬ರಲ್ಲಿ ಗಣಿಸಿತು.

ಭಾರವು ಯಾರ ಮೇಲೆ ಬಿದ್ದಿತೆಂಬುದಕ್ಕೆ ೨೦೧೨ರ ಗಣನೆಯೊಂದು ಸಾಕ್ಷಿ. ಪಶ್ಚಿಮ ಯೂರೋಪಿನ ಹದಿನೆಂಟು ದೇಶಗಳಲ್ಲಿ ವರ್ಷಕ್ಕೆ ಕಂಡುಬರುತ್ತಿದ್ದ ಮೆಲನೋಮಗಳಲ್ಲಿ ೩,೪೩೮ಕ್ಕೆ ಮಂಚವೇ ಕಾರಣವೆಂದು ಅಂದಾಜುಮಾಡಲಾಯಿತು. ಅವುಗಳಲ್ಲಿ ೨,೩೪೧ ಸ್ತ್ರೀಯರವು. ಅಮೆರಿಕದ ಮಿನ್ನೆಸೋಟ ಪ್ರಾಂತದ ಪರಿಶೋಧನೆಯಲ್ಲಿ, ಮೂವತ್ತು ವರ್ಷದೊಳಗೆ ಮೆಲನೋಮಕ್ಕೆ ತುತ್ತಾದ ೬೩ ಮಂದಿ ತರುಣಿಯರಲ್ಲಿ ೬೧ ಮಂದಿ ಮಂಚವನ್ನು ಬಳಸಿದವರೆಂದು ೨೦೧೬ರಲ್ಲಿ ಪ್ರಕಟವಾಯಿತು. ಇದು ಆಕಸ್ಮಿಕವಲ್ಲ. ಆ ದೇಶದ ಬಿಳಿಯ ಜನಾಂಗದ ಪ್ರೌಢಶಾಲೆಯ ಹುಡುಗಿಯರಲ್ಲಿ ನೂರಕ್ಕೆ ಸುಮಾರು ೨೯ ಮಂದಿ, ಹಿಂದಿನ ಹನ್ನೆರಡು ತಿಂಗಳಲ್ಲಿ ಮಂಚವನ್ನು ಬಳಸಿದ್ದರೆಂದು ೨೦೧೧ರ ವಿಚಾರಣೆಯಿಂದ ತಿಳಿದಿದ್ದಿತು.

೭

ಪ್ರಭುತ್ವಗಳು ಎಚ್ಚೆತ್ತದ್ದು ನಿಧಾನವಾಗಿ. ಅಂತರರಾಷ್ಟ್ರೀಯ ಸಂಸ್ಥೆಯು ೧೯೯೨ರಲ್ಲಿ ಸೂರ್ಯಕಿರಣವನ್ನು ಪ್ರಥಮ ವರ್ಗಕ್ಕೆ ಸೇರಿಸಿಯೂ ದೀಪಗಳನ್ನು 'ಸಂಭವನೀಯ' ಎಂಬ ಕೆಳಗಿನ ವರ್ಗದಲ್ಲಿಯೇ ನಿಲ್ಲಿಸಿದ್ದಿತು. ಹದಿನೇಳು ವರ್ಷಗಳ ಆ ಅಂತರದಲ್ಲಿ ಒಂದು ಪೀಳಿಗೆಯ ಹುಡುಗಿಯರು ಬೆಳೆದರು. ೨೦೦೭ರಲ್ಲಿ ಮೆಲ್ಬರ್ನ್ ನಗರದ ಇಪ್ಪತ್ತಾರು ವರ್ಷದ ತರುಣಿಯೊಬ್ಬಳು, ಮೆಲನೋಮದಿಂದ ಮರಣೋನ್ಮುಖಳಾಗಿದ್ದಾಗ, ತನ್ನಂತೆ ಇತರರು ಮಂಚವನ್ನು ನಂಬಬಾರದೆಂದು ದೇಶಕ್ಕೆಲ್ಲ ಕೇಳುವಂತೆ ಹೇಳಿ ತೀರಿಕೊಂಡಳು. ಆ ಮಾತು ವ್ಯರ್ಥವಾಗಲಿಲ್ಲ. ಮರುವರ್ಷ ವಿಕ್ಟೋರಿಯ ಪ್ರಾಂತದಲ್ಲಿ ನಿಬಂಧನೆಗಳು ಬಂದವು. ೨೦೧೫ರ ಆರಂಭಕ್ಕೆ ಆಸ್ಟ್ರೇಲಿಯಾದ ಬಹುಪಾಲು ಪ್ರಾಂತಗಳಲ್ಲಿಯೂ ೨೦೧೬ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿಯೂ ಈ ವ್ಯಾಪಾರವೇ ನಿಷಿದ್ಧವಾಯಿತು. ಅದಕ್ಕೆ ಮೊದಲೇ, ೨೦೦೯ರಲ್ಲಿ, ಬ್ರೆಜಿಲ್ ದೇಶವು ಅಲಂಕಾರಕ್ಕಾಗಿ ಈ ದೀಪವನ್ನು ಬಳಸುವುದನ್ನು ಪೂರ್ತಿಯಾಗಿ ನಿಷೇಧಿಸಿದ್ದಿತು. ಇಂಗ್ಲೆಂಡು ೨೦೧೦ರ ಶಾಸನದಿಂದ ಹದಿನೆಂಟು ವರ್ಷದೊಳಗಿನವರಿಗೆ ಮಂಚವನ್ನು ತಡೆಯಿತು.

ಅಮೆರಿಕದಲ್ಲಿ ನಡೆದ ವ್ಯವಹಾರವೊಂದು ಈ ಇತಿಹಾಸದ ಆದ್ಯಂತಗಳನ್ನು ಜೋಡಿಸುತ್ತದೆ. ಮಂಚವು ನಿರಪಾಯವೆಂದೂ 'ಡಿ' ಜೀವಸತ್ವದ ಮೂಲಕ ಆರೋಗ್ಯಕರವೆಂದೂ ಪ್ರಚಾರಮಾಡುತ್ತಿದ್ದ ವ್ಯಾಪಾರಿಗಳ ಸಂಘದ ಮೇಲೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆಪಾದನೆಯನ್ನು ತಂದು, ೨೦೧೦ರಲ್ಲಿ ಅಂತಹ ಪ್ರಚಾರವನ್ನು ಒಪ್ಪಂದದಿಂದ ನಿಲ್ಲಿಸಿತು. ಬರ್ಲಿನ್ನಿನ ರಿಕೆಟ್ಸ್ ರೋಗದ ಮಕ್ಕಳಿಗೆ ೧೯೧೯ರಲ್ಲಿ ಸತ್ಯವಾಗಿದ್ದ ಮಾತು, ತೊಂಬತ್ತು ವರ್ಷಗಳ ಮೇಲೆ ಆರೋಗ್ಯವಂತರಾದ ತರುಣಿಯರಿಗೆ ಜಾಹೀರಾತಾಗಿ ಉಳಿದಿದ್ದಿತು. ಜೀವಸತ್ವ ಹುಟ್ಟುವುದು 'ಬಿ' ಕಿರಣದಿಂದ. ಸುಡುವುದಿಲ್ಲವೆಂದು ಮಾರಿದ ಮಂಚಗಳಲ್ಲಿ ಪ್ರಧಾನವಾದದ್ದು 'ಎ' ಕಿರಣ. ನಿರಪಾಯವೆಂಬ ವಾದವೂ ಆರೋಗ್ಯಕರವೆಂಬ ವಾದವೂ ಹೀಗೆ ಒಂದನ್ನೊಂದು ಖಂಡಿಸುತ್ತಿದ್ದವು.

ಮೇಲ್ಕಂಡ ಸಂಗತಿಗಳಿಂದ, ಈ ಅನರ್ಥಕ್ಕೆ ಕಾರಣವು ಅಜ್ಞಾನವೊಂದೇ ಅಲ್ಲವೆಂಬುದು ಸಿದ್ಧವಾಗುತ್ತದೆ. ನಾವಿಕರ ಚರ್ಮವೂ ಇಲಿಗಳ ಪ್ರಯೋಗವೂ ಲ್ಯಾಂಕಾಸ್ಟರನ ಗಣನೆಯೂ ವೋಲ್ಫನ ಮಂಚಕ್ಕೆ ಪೂರ್ವದವು. ಆದರೆ ಬಣ್ಣಕ್ಕೆ ಸಮಾಜವು ಕೊಟ್ಟ ಅರ್ಥವೂ ದೀಪಕ್ಕೆ ವೈದ್ಯರು ತಂದುಕೊಟ್ಟ ಮರ್ಯಾದೆಯೂ ಕೂಡಿದಾಗ ಆ ಪ್ರಮಾಣಗಳನ್ನು ಕೇಳುವವರಿರಲಿಲ್ಲ. ಫಿನ್ಸೆನ್ನನ ದೀಪದ ಬಳಿ ದಾದಿಯೊಬ್ಬಳು ಕುಳಿತಿರುತ್ತಿದ್ದಳು. ಮಂಚದ ಗೂಡಿನಲ್ಲಿ ಮಲಗಿದ ತರುಣಿಯ ಬಳಿ ಯಾರೂ ಇರಲಿಲ್ಲ. ಆ ಸ್ಥಾನವನ್ನು ಈಗ ಹಲವು ದೇಶಗಳಲ್ಲಿ ಶಾಸನವು ತುಂಬಿದೆ. ಉಳಿದೆಡೆಗಳಲ್ಲಿ ಅದು ಇನ್ನೂ ಬರಿದಾಗಿಯೇ ಇದೆ.